ಬೆಂಗಳೂರಿನ ಹೂವಿನ ಕ್ಯಾಲೆಂಡರ್ ಬರೆದವರು (ಭಾಗ 4)

ಲಾಲ್‌ಬಾಗ್ ನಮಗೆ ನೆನಪಾಗೋದು ವರ್ಷಕ್ಕೆ ಎರಡೇ ಸಲ: ಜನವರಿ 26, ಆಗಸ್ಟ್ 15ರ ಫ್ಲವರ್ ಶೋ. ಗಾಜಿನ ಮನೆ ಮುಂದೆ ಕ್ಯೂ, ಒಂದು ರೀಲ್, ಮನೆಗೆ ವಾಪಸ್. ಆದ್ರೆ ಈ ಊರಲ್ಲಿ ವರ್ಷವಿಡೀ ಹೂವಿರಲಿ ಅಂತ ಒಬ್ರು ಲೆಕ್ಕ ಹಾಕಿದ್ರು, ಗೊತ್ತಾ?

1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ ಇದು. 1908ರಲ್ಲಿ ಇದರ ಉಸ್ತುವಾರಿಗೆ ಬಂದವರು ಜರ್ಮನಿಯ ಜಿ. ಎಚ್. ಕೃಂಬಿಗಲ್. ಅವರ ಐಡಿಯಾ ಸರಳ: ಒಂದು ಜಾತಿಯ ಮರ ಹೂ ಉದುರಿಸೋ ಹೊತ್ತಿಗೆ ಇನ್ನೊಂದು ಅರಳಬೇಕು. ತೋಟದ ಒಳಗಷ್ಟೇ ಅಲ್ಲ, ರಸ್ತೆ ಪಕ್ಕದಲ್ಲೂ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಅನ್ನೋ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ ಮತ್ತೆ ಇದೇ ಕೆಲಸಕ್ಕೆ ಬಂದರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ತಂಡ ನಗರದ ತುಂಬ ಲಕ್ಷಾಂತರ ಸಸಿ ನೆಟ್ಟಿತು. ಕ್ಯಾಲೆಂಡರ್ ಇನ್ನಷ್ಟು ತುಂಬಿತು.

ಈಗ ಓದಿ ನೋಡಿ:
🌸 ಜನವರಿಯಿಂದ ಮಾರ್ಚ್: ಗುಲಾಬಿ ಬಣ್ಣದ ಟಬೆಬುಯಾ
💜 ಮಾರ್ಚ್: ತಿಳಿನೇರಳೆ ಜಕರಂಡಾ, ಜೊತೆಗೆ ಹೊಂಗೆ
🔴 ಏಪ್ರಿಲ್, ಮೇ: ಗುಲ್‌ಮೊಹರ್
🤍 ಮಳೆಗಾಲ ಮುಗಿದ ಮೇಲೆ: ಆಕಾಶಮಲ್ಲಿಗೆ

ರಸ್ತೆ ಅಗಲ ಮಾಡೋಕೆ ಒಂದು ಸಾಲು ಮರ ಕಡಿದ್ರೆ, ಆ ಬೀದಿಯ ಕ್ಯಾಲೆಂಡರಿಂದ ಒಂದು ತಿಂಗಳೇ ಹರಿದ ಹಾಗೆ. ನಾಳೆನೇ ಸಸಿ ನೆಟ್ಟರೂ ಆ ತಿಂಗಳು ವಾಪಸ್ ಬರೋಕೆ ಎಷ್ಟೋ ವರ್ಷ ಬೇಕು.

ನಿಮ್ಮ ಕಾಲೇಜು ರಸ್ತೆಯಲ್ಲಿ ಈಗ ಯಾವ ಹೂವು? ತಿಂಗಳ ಸಮೇತ ಕಾಮೆಂಟ್‌ನಲ್ಲಿ ಬರೀರಿ. 👇