ನಾದದ ಬೆಸುಗೆ

ಮಲಪ್ರಭೆಯ ದಂಡೆಯಲ್ಲಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವೆಂದು ಭಕ್ತರು ಅರಸಿ ಬರುವ ನಮ್ಮ ಎಂ.ಕೆ. ಹುಬ್ಬಳ್ಳಿಯು, ಧಾರವಾಡ-ಬೆಳಗಾವಿಗಳ ನಡುವಣ ಹೆದ್ದಾರಿಯಲ್ಲಿರುವುದರಿಂದ, ಈ ಸೀಮೆಯ ಸಂಗೀತವು ಸಂಚರಿಸಿದ ದಾರಿಯಲ್ಲಿಯೇ ಇದೆಯೆನ್ನಬೇಕು; ತೆಂಕಣಕ್ಕೆ ಧಾರವಾಡ, ಅದರಾಚೆ ಗಾಯಕ ಸವಾಯಿ ಗಂಧರ್ವರ ಕುಂದಗೋಳ; ಬಡಗಣಕ್ಕೆ ಬೆಳಗಾವಿಯನ್ನು ದಾಟಿದರೆ ಅವರ ಗುರು ಅಬ್ದುಲ್ ಕರೀಂ ಖಾನರು ನೆಲಸಿದ, ತಂಬೂರಿಗಳ ತವರಾದ ಮಿರಜ.

ಈ ಪರಂಪರೆಯ ಕಂಠಗಳು ಯಂತ್ರಕ್ಕೆ ಸಿಕ್ಕಿದ್ದು ಗ್ರಾಮಾಫೋನಿನ ಕಾಲದಲ್ಲಿ. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಆರಂಭದ ಮುದ್ರಿಕೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರನ್ನು ಹೊತ್ತು ಬಂದುವು. ಆ ಹುಬ್ಬಳ್ಳಿ ನಮ್ಮದಲ್ಲವಾದರೂ ಹೆಸರಿನ ನಂಟು ಹಿತವೆನಿಸುತ್ತದೆ. ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ ಒತ್ತಿದ ಆ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದುವಾದುದರಿಂದ, ಗೆರೆಗಳಿಗೆ ಅಡ್ಡವಾಗಿ ಒಂದು ಗೀರು ಬಿದ್ದಿತೆಂದರೆ, ಎಷ್ಟೇ ತನ್ಮಯನಾದ ಕೇಳುಗನಿಗೂ ಅದು ಸುತ್ತಿಗೊಮ್ಮೆ ‘ಟಿಕ್’ ಎಂದು ತನ್ನ ಇರವನ್ನು ಸಾರುತ್ತಿತ್ತು. ಸದ್ದಿಗೆ ನಿಯತವಾದ ಲಯವಿದ್ದರೆ ಗೀರು, ಲಯವಿಲ್ಲದೆ ಚಿಟಪಟಿಸಿದರೆ ಧೂಳು: ದೋಷನಿದಾನದ ಈ ಸರಳ ಸೂತ್ರವನ್ನು ನಾನು ಬಹುವಾಗಿ ಗೌರವಿಸುತ್ತೇನೆ, ಏಕೆಂದರೆ ಅದು ಇಂದಿಗೂ ಹಳತಾಗಿಲ್ಲ.

ಬೆಂಗಳೂರಿನ ಕೊಳಲುವಾದಕರೂ ಅಭಿಯಂತರರೂ ಆದ ಜಿ. ರಾಜ್ ನಾರಾಯಣರು 1979ರಲ್ಲಿ ಆರಂಭಿಸಿದ ರಾಡೆಲ್ ಸಂಸ್ಥೆಯಿಂದ ವಿದ್ಯುತ್ ತಂಬೂರಿಯು ಮನೆಮನೆಗೆ ಬಂದಿತು. ಈಗಲೋ ಗಣಕಯಂತ್ರದೊಳಗಿನ ಸ್ಯಾಂಪ್ಲರ್ ತಂತ್ರಾಂಶವು, ನಿಜವಾದ ತಂತಿಯ ನಾದವನ್ನು ಸೆಕೆಂಡಿಗೆ 44,100 ಅಂಕಿಗಳಾಗಿ ಸಂಗ್ರಹಿಸಿ, ಅದರ ಒಂದು ತುಣುಕನ್ನೇ ಕೊನೆಯಿಂದ ಮೊದಲಿಗೆ ಜೋಡಿಸಿ ಮರಳಿ ಮರಳಿ ನುಡಿಸುತ್ತದೆ. ತುಣುಕಿನ ಅಂತ್ಯದಲ್ಲಿ ಅಲೆಯು ಮೇಲೇರಿದ್ದು ಆದಿಯಲ್ಲಿ ಕೆಳಗಿದ್ದರೆ, ಧ್ವನಿವರ್ಧಕದ ಪರದೆಯು ಕ್ಷಣಾರ್ಧದಲ್ಲಿ ನೆಗೆಯಬೇಕಾಗಿ, ಆ ನೆಗೆತವೇ ‘ಟಿಕ್’ ಎಂದು ಕೇಳುತ್ತದೆ.

ಇಲ್ಲಿಯೂ ಕಿವಿಯೇ ವೈದ್ಯ. ಸದ್ದು ಆವರ್ತಕ್ಕೊಮ್ಮೆ ತಪ್ಪದೆ ಬಂದರೆ ಬೆಸುಗೆಯಲ್ಲಿ ದೋಷ. ಅಲೆಯು ಶೂನ್ಯರೇಖೆಯನ್ನು ಒಂದೇ ದಿಕ್ಕಿನಲ್ಲಿ ದಾಟುವ ಎಡೆಗಳಲ್ಲಿ ತುಣುಕಿನ ಎರಡು ತುದಿಗಳನ್ನೂ ಕತ್ತರಿಸಬೇಕು, ಇಲ್ಲವೆ ಒಂದರ ಇಳಿತವನ್ನು ಇನ್ನೊಂದರ ಏರಿಕೆಯೊಳಗೆ ಕರಗಿಸಬೇಕು. ಸ್ವರವನ್ನು ಬಿಟ್ಟೊಡನೆ ಮಾತ್ರ ಕೇಳಿದರೆ, ನಾದವನ್ನು ಥಟ್ಟನೆ ಕಡಿದುದೇ ಕಾರಣ. ಕೆಲವು ಮಿಲಿಸೆಕೆಂಡುಗಳ ಇಳಿಜಾರು ಸಾಕು. ಅನೇಕ ಸ್ವರಗಳು ಒಟ್ಟಿಗೆ ನುಡಿಯುವಾಗ ಲಯವಿಲ್ಲದೆ ಸಿಡಿದರೆ, ಯಂತ್ರವು ಹೊತ್ತಿಗೆ ಸರಿಯಾಗಿ ಅಂಕಿಗಳನ್ನು ಒದಗಿಸಲಾರದೆ ಬಳಲಿದೆ. ಅಂಕಿಗಳನ್ನು ಮುಂಚಿತವಾಗಿ ಕೂಡಿಡುವ ಬಫರನ್ನು ಹಿಗ್ಗಿಸಬೇಕು, ಆದರೆ ಒತ್ತಿದ ಕೀಲಿಗೂ ಕೇಳುವ ಸ್ವರಕ್ಕೂ ಅಂತರ ಹೆಚ್ಚುವುದನ್ನು ಸಹಿಸಬೇಕು.

ಇಂತಹ ಉಪಾಯಗಳಲ್ಲಿ ಒಂದರೊಳಗೊಂದನ್ನು ಕರಗಿಸುವ ಉಪಾಯವೇ ನನಗೆ ಅತ್ಯಂತ ಪ್ರಿಯ. ಮಿರಜದ ತಂಬೂರಿಯನ್ನು ಭುಜಕ್ಕೊರಗಿಸಿ ಗುರುಗಳ ಹಿಂದೆ ಕುಳಿತ ಶಿಷ್ಯೆಯು, ಪಂಚಮವು ಅಡಗುವ ಮುನ್ನವೇ ಷಡ್ಜವನ್ನೂ, ಜೋಡಿ ಷಡ್ಜಗಳು ಅಡಗುವ ಮುನ್ನವೇ ಮಂದ್ರವನ್ನೂ ಮೀಟುತ್ತ, ಮಂದ್ರದ ಮೊಳಗು ಇನ್ನೂ ಕುದುರೆಯ ಮೇಲೆ ಕಂಪಿಸುತ್ತಿರುವಾಗಲೇ ಬೆರಳನ್ನು ಮತ್ತೆ ಪಂಚಮಕ್ಕೆ ಕೊಂಡೊಯ್ಯುತ್ತಾಳೆ.