ಮಕ್ಕಳ ಫೋನಿಗೆ ಮನೆಯವರ ಕದ್ದ ಕಿವಿ

ಕಿತ್ತೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ರಾಣಿ ಚೆನ್ನಮ್ಮ. ಆ ಊರಿಗೆ ಅಷ್ಟಾಗಿ ಯಾರೂ ಹೇಳಿಕೊಳ್ಳದ ಇನ್ನೊಂದು ಹೆಗ್ಗಳಿಕೆಯೂ ಇದೆ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ದೇಶದಲ್ಲಿಯೇ ರೂಪಿಸಿದ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು ಅಲ್ಲಿ, 1986ರ ಜುಲೈನಲ್ಲಿ. ಅದುವರೆಗೆ ಹಳ್ಳಿಯ ಫೋನಿನ ಮಾತು ಗುಟ್ಟಿನ ಮಾತಾಗಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ತಂತಿ ಚುಚ್ಚಿ ಜೋಡಿಸಿದ ಮೇಲೆ ಮಾತು ಶುರು. ಮನಸ್ಸು ಮಾಡಿದರೆ ಆಪರೇಟರ್ ಅದನ್ನೆಲ್ಲ ಕೇಳಬಹುದಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಎಂಬುದು ಮನೆಯವರಿಗಿಂತ ಮೊದಲು ಎಕ್ಸ್‌ಚೇಂಜಿಗೆ ಗೊತ್ತಾಗುವುದು ಸಾಧ್ಯವಿತ್ತು. ಸ್ವಯಂಚಾಲಿತ ಎಕ್ಸ್‌ಚೇಂಜಿನ ಮೂಲದಲ್ಲಿಯೇ ಇಂಥದೊಂದು ಅನುಮಾನ ಇದೆ. ಆಪರೇಟರ್ ತನ್ನ ಗಿರಾಕಿಗಳ ಕರೆಯನ್ನು ಪ್ರತಿಸ್ಪರ್ಧಿಯ ಕಡೆ ತಿರುಗಿಸುತ್ತಾಳೆಂದು ಶಂಕಿಸಿದ ಅಮೆರಿಕದ ಶವಸಂಸ್ಕಾರದ ವ್ಯಾಪಾರಿ ಆಲ್ಮನ್ ಸ್ಟ್ರೌಜರ್, 1891ರಲ್ಲಿ ಆಪರೇಟರೇ ಬೇಡದ ಯಂತ್ರಕ್ಕೆ ಪೇಟೆಂಟ್ ಪಡೆದ.

ಯಂತ್ರ ಬಂದು ಹೊರಗಿನ ಕಿವಿಯೇನೋ ಮುಚ್ಚಿತು. ಒಳಗಿನ ಕಿವಿ?

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಊರಿನಿಂದ ಓದಲೆಂದು ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋದ ಮಕ್ಕಳ ಕಾಗದಗಳು ಬರುತ್ತಿದ್ದ ಕಾಲವನ್ನು ನೆನೆಯಿರಿ. ಕಾರ್ಡಾದರೆ ಅಂಚೆಯಣ್ಣನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಓದುವಂಥದ್ದು. ಮುಚ್ಚಿದ ಕವರಿನ ಕಥೆ ಬೇರೆ. 1898ರ ಅಂಚೆ ಕಚೇರಿ ಕಾಯ್ದೆಯ ಪ್ರಕಾರ ಅದನ್ನು ಅಂಚೆ ನೌಕರ ಒಡೆದರೆ ಶಿಕ್ಷೆ ಇತ್ತು. ಮನೆ ತಲುಪಿದ ಮೇಲೆ ಅಪ್ಪ ಒಡೆದರೆ ಕೇಳುವವರಿರಲಿಲ್ಲ. ಹಾಗೆ ಒಡೆಸಿಕೊಳ್ಳುತ್ತಿದ್ದ ಕಾಗದಗಳಲ್ಲಿ ಹೆಣ್ಣುಮಕ್ಕಳವೇ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಒಂದು ಮಾತು ನಿಜ. ಒಡೆದ ಕವರು ಒಡೆದಂತೆಯೇ ಕಾಣುತ್ತಿತ್ತು. ಯಾರೋ ಓದಿದ್ದಾರೆಂದು ಮಗಳಿಗೆ ತಿಳಿಯುತ್ತಿತ್ತು. ಸಿಟ್ಟಾಗಲು, ಅಳಲು, ಜಗಳ ಕಾಯಲು ಅವಕಾಶವಿತ್ತು. ಇಂದು ಮಗಳ ಮೊಬೈಲಿನಲ್ಲಿ ಸದ್ದಿಲ್ಲದೆ ಕೂತು ಆಕೆಯ ಸಂದೇಶ, ಚಿತ್ರ, ಓಡಾಟಗಳನ್ನು ಅಪ್ಪನ ಮೊಬೈಲಿಗೆ ರವಾನಿಸುವ ತಂತ್ರಾಂಶ ಆ ಅವಕಾಶವನ್ನೂ ಉಳಿಸುವುದಿಲ್ಲ.

ಫೋನ್ ಕದ್ದಾಲಿಕೆಯ ಮಾತು ಬಂದಾಗ ಕನ್ನಡಿಗರು ಮರೆಯಬಾರದ ದಿನ 1988ರ ಆಗಸ್ಟ್ 10. ರಾಜಕಾರಣಿಗಳ ದೂರವಾಣಿಗಳನ್ನು ಪೊಲೀಸರು ಕದ್ದಾಲಿಸಿದರೆಂಬ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅಂದು ರಾಜೀನಾಮೆ ಕೊಟ್ಟರು. 1885ರ ಟೆಲಿಗ್ರಾಫ್ ಕಾಯ್ದೆ ಸರ್ಕಾರಕ್ಕೆ ಕೇಳುವ ಅಧಿಕಾರ ಕೊಟ್ಟಿತ್ತು, ಹೇಗೆ ಕೇಳಬೇಕೆಂಬ ಕಟ್ಟಳೆ ಹಾಕಿರಲಿಲ್ಲ. ಆ ಕಟ್ಟಳೆ ಬಂದದ್ದು 1996ರ ಡಿಸೆಂಬರ್‌ನಲ್ಲಿ, ಪಿಯುಸಿಎಲ್ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ. ಆದೇಶವನ್ನು ಗೃಹ ಕಾರ್ಯದರ್ಶಿಯೇ ನೀಡಬೇಕು. ಅದು ಎರಡು ತಿಂಗಳು ಮಾತ್ರ ನಡೆಯಬೇಕು. ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು. ಬೇರೆ ದಾರಿಯಿಂದ ಆ ಮಾಹಿತಿ ಸಿಗುವುದೇ ಎಂದು ಮೊದಲು ನೋಡಬೇಕು. ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು.

ಈ ಕಟ್ಟಳೆಗಳನ್ನು ಮನೆಯೊಳಗೆ ತಂದಿಟ್ಟು ನೋಡಿದರೆ ಸ್ವಾರಸ್ಯವಿದೆ. ಒಬ್ಬ ಭಯೋತ್ಪಾದಕನ ಫೋನ್ ಕೇಳಲು ಕಾರಣ ಬರೆದಿಡಬೇಕು, ಅವಧಿ ಇರಬೇಕು, ಮೇಲೊಬ್ಬರು ನೋಡಬೇಕು. ಹತ್ತನೇ ತರಗತಿಯ ಹುಡುಗನ ಫೋನ್ ನೋಡಲು ಇದ್ಯಾವುದೂ ಬೇಕಿಲ್ಲ. ‘ಬೇರೆ ದಾರಿ ಇದೆಯೇ’ ಎಂಬ ಪ್ರಶ್ನೆಯಂತೂ ಏಳುವುದೇ ಅಪರೂಪ. ಆ ಬೇರೆ ದಾರಿ ಎಂದರೆ ಹುಡುಗನನ್ನು ಕೂರಿಸಿಕೊಂಡು ಕೇಳುವುದು, ಅಷ್ಟೇ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕುವಾಗ ಅವರಿಗೆ ಎಂಬತ್ತಾರು ದಾಟಿತ್ತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿಯೂ ಮಗುವಿನ ಖಾಸಗಿತನ, ಪತ್ರವ್ಯವಹಾರಗಳಲ್ಲಿ ಮನಬಂದಂತೆ ಕೈಹಾಕುವಂತಿಲ್ಲ ಎನ್ನುತ್ತದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಡೆ ವಿಚಿತ್ರ. ಹದಿನೆಂಟರ ಒಳಗಿನವರ ಜಾಡು ಹಿಡಿಯುವುದನ್ನು ಕಂಪನಿಗಳಿಗೆ ಅದು ನಿಷೇಧಿಸುತ್ತದೆ, ಮಕ್ಕಳ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ವ್ಯಕ್ತಿಯೊಬ್ಬ ಸ್ವಂತಕ್ಕಾಗಿ, ಮನೆಯ ಮಟ್ಟಿಗೆ ಮಾಹಿತಿ ಬಳಸಿದರೆ ಮಾತ್ರ ಕಾಯ್ದೆಯೇ ಅನ್ವಯಿಸದು. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದವು. ಮನೆಯ ಹೊಸ್ತಿಲು ದಾಟಲಿಲ್ಲ.

ಹೆತ್ತವರ ಭಯ ಸುಳ್ಳಲ್ಲ. 2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ಪಾಠದ ಹೆಸರಿನಲ್ಲಿ ಮೊಬೈಲು ಮಕ್ಕಳ ಕೈಸೇರಿತು, ಮರಳಿ ಬರಲಿಲ್ಲ. ಜೂಜಿನ ಆಟ, ಪರಿಚಯದ ಸೋಗಿನಲ್ಲಿ ಚಿತ್ರ ಕೇಳಿ ಬೆದರಿಸುವವರು, ಎಲ್ಲವೂ ಅದರ ಬೆನ್ನಿಗೇ ಬಂದವು. ಆದರೆ ಕಾವಲಿಗೆಂದು ಕೊಂಡ ತಂತ್ರಾಂಶವೇ ಕಳ್ಳನಿಗೆ ಬಾಗಿಲು ತೆರೆದ ನಿದರ್ಶನಗಳಿವೆ. ಹದಿಹರೆಯದವರ ಮೇಲೆ ಕಣ್ಣಿಡಲು ಮಾಡಿದ ಅಮೆರಿಕದ ಟೀನ್‌ಸೇಫ್‌ನ ಸರ್ವರ್ 2018ರಲ್ಲಿ ಬೀಗವಿಲ್ಲದೆ ಬಿದ್ದಿತ್ತು. ಅದರಲ್ಲಿ ಮಕ್ಕಳ ಖಾತೆಯ ಪಾಸ್‌ವರ್ಡುಗಳೇ ಇದ್ದವು. ಎಂಸ್ಪೈ ಎಂಬುದರ ಮಾಹಿತಿ 2015, 2018, 2024, ಹೀಗೆ ಮೂರು ಬಾರಿ ಸೋರಿತು. ಇದಕ್ಕೆ ಹೋಲಿಸಿದರೆ 2017ರಲ್ಲಿ ಗೂಗಲ್ ತಂದ ಫ್ಯಾಮಿಲಿ ಲಿಂಕ್ ಎಷ್ಟೋ ವಾಸಿ. ಕಣ್ಣಿಟ್ಟಿರುವ ವಿಷಯವನ್ನು ಅದು ಮಗುವಿನಿಂದ ಮುಚ್ಚಿಡುವುದಿಲ್ಲ.

ಗುಟ್ಟೇ ಇಲ್ಲಿನ ತಕರಾರು. 2025ರ ಜುಲೈನಲ್ಲಿ ವಿಚ್ಛೇದನ ಪ್ರಕರಣವೊಂದರಲ್ಲಿ, ಸಂಗಾತಿಯ ಮಾತನ್ನು ಕದ್ದು ಧ್ವನಿಮುದ್ರಿಸಿದ್ದನ್ನು ಸಾಕ್ಷ್ಯವಾಗಿ ಒಪ್ಪಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಗಂಡಹೆಂಡಿರು ಒಬ್ಬರ ಮೇಲೊಬ್ಬರು ಗೂಢಚರ್ಯೆ ನಡೆಸುವ ಹಂತ ತಲುಪಿದ್ದರೆ, ಸಂಬಂಧ ಮುರಿದಿರುವುದಕ್ಕೆ ಅದೇ ಲಕ್ಷಣ ಎಂಬ ಮಾತನ್ನೂ ಪೀಠ ಸೇರಿಸಿತು. ಗಂಡಹೆಂಡಿರಿಗೆ ವಿಚ್ಛೇದನವುಂಟು. ಮಕ್ಕಳಿಗೆ ಆ ದಾರಿಯೂ ಇಲ್ಲ.

ಹದಿನೆಂಟು ತುಂಬಿದ ಮೇಲಂತೂ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ ನಿರ್ಬಂಧವನ್ನು ಒಪ್ಪದೆ ಹೊರಬಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಪರವಾಗಿ 2019ರಲ್ಲಿ ಕೇರಳ ಹೈಕೋರ್ಟ್ ತೀರ್ಪಿತ್ತಿತು. ಆ ನಿರ್ಬಂಧಕ್ಕೆ ಪೋಷಕರ ಸಮ್ಮತಿ ಇತ್ತೆಂಬ ವಾದ ಅಲ್ಲಿ ನಿಲ್ಲಲಿಲ್ಲ. ಒಡೆಯನ ಅಥವಾ ಉಸ್ತುವಾರಿಯ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿನೊಳಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಂತೆ ತಪ್ಪು, ಮೊಬೈಲೂ ಕಂಪ್ಯೂಟರೇ. ಹದಿನೆಂಟರ ಒಳಗಿನವರಿಗೆ ಸಿಮ್ ಕೊಡುವಂತಿಲ್ಲವಾದ್ದರಿಂದ ಮಗಳ ನಂಬರು ಬಹುಮಟ್ಟಿಗೆ ಅಪ್ಪನ ಹೆಸರಿನಲ್ಲಿರುತ್ತದೆ, ಫೋನಿನ ರಸೀದಿಯೂ ಅವನದೇ. ಹುಟ್ಟುಹಬ್ಬದ ಮರುದಿನ ಆ ಫೋನಿನ ಒಡೆಯರು ಯಾರು ಎಂಬ ಪ್ರಶ್ನೆ ವಕೀಲರಿಗಿಂತ ಮೊದಲು ಆ ಮನೆಯ ಅಡುಗೆಮನೆಯಲ್ಲಿಯೇ ಏಳುತ್ತದೆ.