ಬದಲಿ ಕೀಲಿನ ಆಟಗಾರರು

ಇಂಗ್ಲೆಂಡಿನ ಮೂಳೆ ವೈದ್ಯ ಜಾನ್ ಚಾರ್ನ್ಲಿ ಅವರ ಬಳಿಗೆ 1950ರ ದಶಕದಲ್ಲಿ ಒಬ್ಬ ರೋಗಿ ವಿಚಿತ್ರವಾದ ದೂರು ಹೊತ್ತು ಬಂದ. ಅವನ ಸೊಂಟದ ಕೀಲಿಗೆ ಬೇರೆ ಯಾರೋ ವೈದ್ಯರು ಅಕ್ರಿಲಿಕ್ಕಿನ ಗುಂಡೊಂದನ್ನು ಕೂರಿಸಿದ್ದರು. ಬಾಗಿದಾಗಲೆಲ್ಲ ಅದು ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ಆ ಸದ್ದು ತಾಳಲಾರದೆ ಹೆಂಡತಿ ಅವನ ಬಳಿ ಕೂರುವುದನ್ನೇ ಬಿಟ್ಟಿದ್ದಳಂತೆ. ಕೇಳಿದವರಿಗೆ ನಗು ಬರುವ ಸಂಗತಿ. ಚಾರ್ನ್ಲಿ ಮಾತ್ರ ನಗಲಿಲ್ಲ. ಸದ್ದು ಎಂದರೆ ಘರ್ಷಣೆ, ಘರ್ಷಣೆ ಎಂದರೆ ಇಂದಲ್ಲ ನಾಳೆ ಕೀಲು ಸಡಿಲವಾಗುವುದು ಖಚಿತ ಎಂದು ಅವರು ಲೆಕ್ಕ ಹಾಕಿದರು.

ಸೊಂಟದ ಕೀಲಿನ ರಚನೆ ಸರಳ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದು ತಿರುಗಲು ಒಂದು ಬಟ್ಟಲು, ನಡುವೆ ನುಣುಪಾದ ಮೃದ್ವಸ್ಥಿ. ಈ ಮೃದ್ವಸ್ಥಿ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಲಂಕಾಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಚಾರ್ನ್ಲಿ ಲೋಹದ ಪುಟ್ಟ ಗುಂಡಿಗೆ ಟೆಫ್ಲಾನಿನ ಬಟ್ಟಲು ಜೋಡಿಸಿದರು. ನೋವು ಮಾಯವಾಯಿತು, ರೋಗಿಗಳು ಹರಸಿದರು. ಆದರೆ ಮೂರು ನಾಲ್ಕು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸತೊಡಗಿತು. ಸುಮಾರು 300 ರೋಗಿಗಳ ವಿಷಯದಲ್ಲಿ ಈ ಪ್ರಯೋಗ ಸೋತಿತು. 1962ರಲ್ಲಿ ಅವರಿಗೆ ಬೇರೊಂದು ಪ್ಲಾಸ್ಟಿಕ್ ಸಿಕ್ಕಿತು. ಅದು ಜವಳಿ ಗಿರಣಿಗಳ ಯಂತ್ರಭಾಗಗಳಿಗೆ ಬಳಕೆಯಾಗುತ್ತಿದ್ದ ಗಟ್ಟಿ ಪಾಲಿಎಥಿಲೀನ್. ಈ ಸಲ ಅವರು ಎರಡೂ ವಸ್ತುಗಳ ಚೂರುಗಳನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನ್ ಇಟ್ಟ ಜಾಗ ಊದಿಕೊಂಡಿತು, ಪಾಲಿಎಥಿಲೀನ್ ಇಟ್ಟ ಜಾಗ ತಣ್ಣಗಿತ್ತು. ಆ ವರ್ಷದ ನವೆಂಬರಿನಿಂದ ಹೊಸ ಬಟ್ಟಲು ಬಳಕೆಗೆ ಬಂತು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಚಾರ್ನ್ಲಿ ಈ ಕೀಲನ್ನು ಮಾಡಿದ್ದು ಆಟಗಾರರಿಗಾಗಿ ಅಲ್ಲ. ನೋವಿನಿಂದ ನಿದ್ದೆಗೆಟ್ಟ, ಮೆಟ್ಟಿಲು ಹತ್ತಲಾರದ ಮುದುಕರಿಗಾಗಿ. ಅವರು ಆರಿಸಿಕೊಂಡ ಲೋಹದ ಗುಂಡು 22 ಮಿಲಿಮೀಟರಿನಷ್ಟು ಚಿಕ್ಕದು. ಗುಂಡು ಚಿಕ್ಕದಾದಷ್ಟೂ ಘರ್ಷಣೆ ಕಡಿಮೆ, ಆದರೆ ಕಾಲು ಅತಿಯಾಗಿ ಮಡಚಿದರೆ ಜಾರಿ ಹೊರಬರುವ ಭಯ ಹೆಚ್ಚು. ಒಟ್ಟಿನಲ್ಲಿ ವೈದ್ಯ ಮತ್ತು ರೋಗಿಯ ನಡುವೆ ಒಂದು ಮೌನ ಒಪ್ಪಂದವಿತ್ತು: ನೋವು ಹೋಗುತ್ತದೆ, ಬದಲಿಗೆ ಕಾಲನ್ನು ಹದವಾಗಿ ಬಳಸಬೇಕು.

ಕ್ರೀಡೆಗೂ ಈ ಒಪ್ಪಂದಕ್ಕೂ ಹೊಂದಿಕೆಯಾಗದು. ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಓಡುವಾಗ ಅದು ಐದು ಪಟ್ಟಿನ ಆಸುಪಾಸಿಗೆ ಏರುತ್ತದೆ. ಕೃತಕ ಕೀಲು ಸವೆಯುವುದು ವರ್ಷಗಳ ಲೆಕ್ಕದಲ್ಲಲ್ಲ, ಹೆಜ್ಜೆಗಳ ಲೆಕ್ಕದಲ್ಲಿ. ಸವೆದ ಪುಡಿಯನ್ನು ದೇಹ ಶತ್ರುವೆಂದು ಭಾವಿಸಿ ಹೋರಾಡುತ್ತದೆ. ಆ ಹೋರಾಟದಲ್ಲಿ ಕರಗುವುದು ಪಕ್ಕದ ಒಳ್ಳೆಯ ಮೂಳೆ. ಎರಡನೆಯ ಸಲ ಕೀಲು ಬದಲಿಸಲು ಹೊರಟ ವೈದ್ಯನಿಗೆ ಆಗ ಉಳಿಯುವ ಮೂಳೆಯೇ ಕಡಿಮೆ. ಮೂವತ್ತರ ಆಟಗಾರನೊಬ್ಬ ಹೊಸ ಕೀಲಿನೊಂದಿಗೆ ಅಂಗಳಕ್ಕೆ ಇಳಿದಾಗ ಅವನು ಖರ್ಚು ಮಾಡುವುದು ತನ್ನ ಅರವತ್ತರ ನಡಿಗೆಯನ್ನು.

ಇದನ್ನು ತಿಳಿದೂ ಹಾಗೆ ಇಳಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಬೋ ಜಾಕ್ಸನ್ ಅವರದು. ಅಲಬಾಮಾದ ಈ ಆಟಗಾರ ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಎರಡರಲ್ಲೂ ಅಗ್ರಪಂಕ್ತಿಯಲ್ಲಿದ್ದರು. ನಮ್ಮಲ್ಲಿ ಒಬ್ಬನೇ ವ್ಯಕ್ತಿ ಭಾರತದ ಕ್ರಿಕೆಟ್ ತಂಡದಲ್ಲೂ ಹಾಕಿ ತಂಡದಲ್ಲೂ ತಾರೆಯಾಗಿ ಮೆರೆದಂತೆ ಎಂದುಕೊಂಡರೆ ಅದರ ಅಂದಾಜು ಸಿಗಬಹುದು. 1991ರ ಜನವರಿ 13ರಂದು ಲಾಸ್ ಏಂಜಲೀಸಿನ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯೊಬ್ಬ ಓಡುತ್ತಿದ್ದ ಅವರ ಕಾಲನ್ನು ಹಿಂದಿನಿಂದ ಹಿಡಿದೆಳೆದ. ನೋಡಿದವರಿಗೆ ಅದು ಸಾಮಾನ್ಯ ಬೀಳುವಿಕೆ. ಆದರೆ ತೊಡೆಮೂಳೆಯ ಗುಂಡು ಬಟ್ಟಲಿನಿಂದ ಜಾರಿತ್ತು, ಅದಕ್ಕೆ ರಕ್ತ ಒದಗಿಸುವ ನಾಳಗಳಿಗೆ ಪೆಟ್ಟಾಗಿತ್ತು. ರಕ್ತವಿಲ್ಲದ ಮೂಳೆ ಮೆಲ್ಲಗೆ ಸಾಯುತ್ತದೆ.

ಕಾನ್ಸಾಸ್ ಸಿಟಿಯ ಬೇಸ್‌ಬಾಲ್ ತಂಡ ಮಾರ್ಚಿನಲ್ಲೇ ಅವರನ್ನು ಕೈಬಿಟ್ಟಿತು. ಷಿಕಾಗೊದ ವೈಟ್ ಸಾಕ್ಸ್ ತಂಡ ಕರೆಯಿತು. ಅಲ್ಲಿ ಕೆಲವು ಪಂದ್ಯ ಆಡುವಷ್ಟರಲ್ಲಿ ಕೀಲು ಪೂರ್ತಿ ಕೆಟ್ಟು, 1992ರಲ್ಲಿ ಅದನ್ನು ತೆಗೆದು ಕೃತಕ ಕೀಲು ಇಡಬೇಕಾಯಿತು. ಆಗ ಅವರ ವಯಸ್ಸು 29. ಅದೇ ವರ್ಷ ತಾಯಿಯೂ ತೀರಿಕೊಂಡರು. ಮತ್ತೆ ಆಡುತ್ತೇನೆಂದು ಜಾಕ್ಸನ್ ಆಕೆಗೆ ಮಾತು ಕೊಟ್ಟಿದ್ದರು.

1993ರ ಏಪ್ರಿಲ್ 9ರಂದು ಷಿಕಾಗೊದಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಅವರು ದಾಂಡು ಹಿಡಿದು ನಿಂತರು. ಹೊಸ ಕೀಲಿನೊಂದಿಗೆ ಲೀಗ್ ಪಂದ್ಯದಲ್ಲಿ ಅದು ಮೊದಲ ಸರದಿ. ಚೆಂಡು ಬೇಲಿ ದಾಟಿ ಪ್ರೇಕ್ಷಕರ ನಡುವೆ ಬಿತ್ತು. ನಮ್ಮ ಸಿಕ್ಸರಿಗೆ ಸಮನಾದ ಈ ಹೊಡೆತವನ್ನು ಅಲ್ಲಿ ಹೋಮ್ ರನ್ ಎನ್ನುತ್ತಾರೆ. ಆ ವರ್ಷ 85 ಪಂದ್ಯಗಳಲ್ಲಿ ಅವರು 16 ಹೋಮ್ ರನ್ ಹೊಡೆದರು.

ಆದರೆ ಅಂಕಿಅಂಶಗಳ ಇನ್ನೊಂದು ಸಾಲನ್ನೂ ಓದಬೇಕು. ಬೇಸ್‌ಬಾಲಿನಲ್ಲಿ ಎದುರಾಳಿಯ ಕಣ್ತಪ್ಪಿಸಿ ಒಂದು ನೆಲೆಯಿಂದ ಮುಂದಿನ ನೆಲೆಗೆ ಓಡುವುದು ವೇಗಿಗಳ ಕಸುಬು. 1988ರಲ್ಲಿ ಜಾಕ್ಸನ್ 27 ಸಲ ಹಾಗೆ ಓಡಿ ಗೆದ್ದಿದ್ದರು. 1993ರಲ್ಲಿ ಒಮ್ಮೆಯೂ ಇಲ್ಲ. ಭುಜದ ಬಲ ಹಿಂದಿರುಗಿತ್ತು, ಕಾಲಿನ ಮಿಂಚು ಹಿಂದಿರುಗಿರಲಿಲ್ಲ. ಫುಟ್‌ಬಾಲ್ ಅಂಗಳಕ್ಕೆ ಅವರು ಕಾಲಿಡಲೇ ಇಲ್ಲ. 1994ರಲ್ಲಿ ಕ್ಯಾಲಿಫೋರ್ನಿಯ ಏಂಜಲ್ಸ್ ಪರ ಆಡುತ್ತಿದ್ದಾಗ ಆಟಗಾರರ ಮುಷ್ಕರದಿಂದ ಋತು ಅರ್ಧಕ್ಕೆ ನಿಂತಿತು. ಅವರ ಆಟವೂ ಅಲ್ಲಿಗೆ ಮುಗಿಯಿತು.

ಎಳೆಯ ರೋಗಿಗಳಿಗೆ ಬೇರೆ ದಾರಿ ಬೇಕೆಂಬ ಹಟ ಇಂಗ್ಲೆಂಡಿನಲ್ಲೇ ಫಲ ಕೊಟ್ಟಿತು. ಬರ್ಮಿಂಗ್‌ಹ್ಯಾಮಿನ ಡೆರೆಕ್ ಮೆಕ್‌ಮಿನ್ 1990ರ ದಶಕದಲ್ಲಿ, ತೊಡೆಮೂಳೆಯ ಗುಂಡನ್ನು ಕತ್ತರಿಸಿ ಎಸೆಯದೆ, ಮೇಲ್ಮೈಯನ್ನಷ್ಟೇ ಕೆತ್ತಿ ಲೋಹದ ಟೋಪಿ ತೊಡಿಸಿದರು. ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರಿಗೆ ಇದು ಬೇಗ ಅರ್ಥವಾದೀತು. ಬಟ್ಟಲಿಗೂ ಲೋಹದ್ದೇ ಹೊದಿಕೆ. ಗುಂಡು ದೊಡ್ಡದಾಗಿಯೇ ಉಳಿಯುವುದರಿಂದ ಜಾರುವ ಭಯ ಕಡಿಮೆ. ಮೂಳೆ ಉಳಿದಿರುವುದರಿಂದ ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಅವಕಾಶವೂ ಇರುತ್ತದೆ. ಇದಕ್ಕೂ ದೋಷ ಇಲ್ಲದಿರಲಿಲ್ಲ. ಲೋಹಕ್ಕೆ ಲೋಹ ಉಜ್ಜಿ ಸೂಕ್ಷ್ಮ ಕಣಗಳು ರಕ್ತಕ್ಕೆ ಸೇರುವುದು ತಿಳಿಯಿತು. ಮಹಿಳೆಯರಲ್ಲಿ, ಸಣ್ಣ ಮೂಳೆಯವರಲ್ಲಿ ವೈಫಲ್ಯ ಹೆಚ್ಚಾಗಿ ಕಂಡಿತು. 2010ರಲ್ಲಿ ಇಂಥ ಕೀಲಿನ ಒಂದು ಮಾದರಿಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಇಂಥ ಲೋಹದ ಟೋಪಿಯೊಂದಿಗೆ ಟೆನಿಸ್ ಅಂಗಳಕ್ಕೆ ಮೊದಲು ಮರಳಿದ ಖ್ಯಾತನಾಮರು ಬಾಬ್ ಬ್ರಯಾನ್. 2018ರ ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ, 2019ರ ಮಾರ್ಚಿನಲ್ಲಿ ಸಹೋದರ ಮೈಕ್ ಜೊತೆ ಮಯಾಮಿ ಡಬಲ್ಸ್ ಪ್ರಶಸ್ತಿ. ಆದರೂ ಡಬಲ್ಸ್ ಎಂದರೆ ಅರ್ಧ ಅಂಗಳದ ಓಟ. ಸಿಂಗಲ್ಸ್ ಆಡಬಲ್ಲರೆಂದು ನಂಬಿದವರು ವಿರಳ.

ಸ್ಕಾಟ್ಲೆಂಡಿನ ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಮೆಲ್ಬರ್ನಿನ ಪತ್ರಿಕಾಗೋಷ್ಠಿಯಲ್ಲಿ ಕಣ್ಣೀರಿಟ್ಟರು. ಎರಡು ಸಲ ವಿಂಬಲ್ಡನ್ ಗೆದ್ದವರಿಗೆ ಆಗ ಕಾಲುಚೀಲ, ಬೂಟು ಹಾಕಿಕೊಳ್ಳುವುದೂ ನೋವಿನ ಕೆಲಸವಾಗಿತ್ತು. ಸ್ಪೇನಿನ ರಾಬರ್ಟೊ ಬೌಟಿಸ್ಟಾ ಅಗುಟ್ ವಿರುದ್ಧ ಐದು ಸೆಟ್ ಹೋರಾಡಿ ಸೋತಾಗ ಸಂಘಟಕರು ದೊಡ್ಡ ಪರದೆಯ ಮೇಲೆ ವಿದಾಯದ ಚಿತ್ರವನ್ನೇ ತೋರಿಸಿದರು. ಆಡದ ಮನುಷ್ಯನಿಗೆ ಇಷ್ಟು ಅವಸರದ ಬೀಳ್ಕೊಡುಗೆ ಬೇರೆ ಕಸುಬಿನಲ್ಲಿ ಸಿಗಲಾರದು. ತಿಂಗಳ ಕೊನೆಗೆ ಲಂಡನ್ನಿನಲ್ಲಿ ಅವರಿಗೂ ಲೋಹದ ಟೋಪಿ ಬಂತು. ಬ್ರಯಾನ್ ಅವರ ಅನುಭವ ಧೈರ್ಯ ಕೊಟ್ಟಿತ್ತು ನಿಜ, ಆದರೆ ಮರ್ರೆ ಮೊದಲು ಬಯಸಿದ್ದು ನೋವಿಲ್ಲದ ದಿನನಿತ್ಯದ ಬದುಕು. ಎಂದರೆ ಚಾರ್ನ್ಲಿ ತಮ್ಮ ಮುದಿ ರೋಗಿಗಳಿಗೆ ಕೊಡಹೊರಟಿದ್ದನ್ನೇ.

ಅಕ್ಟೋಬರ್ 20ರಂದು ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ, ವಿಶ್ವ ಕ್ರಮಾಂಕ 243ರ ಮರ್ರೆ, ಸ್ಟಾನ್ ವಾವ್ರಿಂಕಾ ಅವರನ್ನು 3-6, 6-4, 6-4ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಶಸ್ತ್ರಚಿಕಿತ್ಸೆಗೆ ಆಗ ಒಂಬತ್ತು ತಿಂಗಳೂ ತುಂಬಿರಲಿಲ್ಲ. 2023ರ ಜನವರಿಯಲ್ಲಿ ಅದೇ ಮೆಲ್ಬರ್ನಿನಲ್ಲಿ ಥನಾಸಿ ಕೊಕಿನಾಕಿಸ್ ವಿರುದ್ಧ ಎರಡು ಸೆಟ್ ಹಿಂದಿದ್ದವರು 5 ಗಂಟೆ 45 ನಿಮಿಷ ಆಡಿ ಗೆದ್ದರು. ಪಂದ್ಯ ಮುಗಿದಾಗ ಬೆಳಗಿನ ಜಾವ 4 ಗಂಟೆ ದಾಟಿತ್ತು. ಮುಂದಿನ ಸುತ್ತಿನಲ್ಲಿ ಅವರನ್ನು ಮನೆಗೆ ಕಳುಹಿಸಿದ್ದು ಮತ್ತೆ ಬೌಟಿಸ್ಟಾ ಅಗುಟ್.

ಈ ಮರಳುವಿಕೆಯ ಲೆಕ್ಕವನ್ನೂ ನೇರವಾಗಿ ನೋಡಬೇಕು. ಹೊಸ ಕೀಲಿನ ಮರ್ರೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಮೂರನೆಯ ಸುತ್ತು ದಾಟಲಿಲ್ಲ. ಒಮ್ಮೆ ವಿಶ್ವದ ಮೊದಲಿಗರಾಗಿದ್ದವರು ಮತ್ತೆ ಏರಿದ್ದು 36ರವರೆಗೆ. ಆಂಟ್‌ವರ್ಪಿನದೇ ಅವರ ಕೊನೆಯ ಎಟಿಪಿ ಟೂರ್ ಸಿಂಗಲ್ಸ್ ಪ್ರಶಸ್ತಿ. ಇದು ಸೋಲೆಂದು ಹೇಳುವವರು 2019ರ ಬೂಟಿನ ಮಾತನ್ನು ಮರೆತಿರುತ್ತಾರೆ. ಗೆಲುವೆಂದು ಕುಣಿಯುವವರು ಅವರ ವಯಸ್ಸು, ತರಬೇತಿ, ವೈದ್ಯರ ಪಡೆ, ಹಣ ಇವನ್ನೆಲ್ಲ ಮರೆತಿರುತ್ತಾರೆ. ಕೀಲು ಬದಲಿಸಿಕೊಂಡ ಸಾಮಾನ್ಯರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ನಡಿಗೆ, ಈಜು, ಸೈಕಲ್.

ಕೊನೆಗೆ ಮರ್ರೆ ಅವರ ದಾರಿಗೆ ಅಡ್ಡ ಬಂದದ್ದು ಆ ಕೀಲಲ್ಲ, ಬೆನ್ನು. 2024ರ ಜೂನಿನಲ್ಲಿ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು, ವಿಂಬಲ್ಡನ್ ಸಿಂಗಲ್ಸ್ ತಪ್ಪಿತು. ಜುಲೈ ಕೊನೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಡಬಲ್ಸ್‌ಗೆ ಡ್ಯಾನ್ ಇವಾನ್ಸ್ ಜೊತೆ ಇಳಿದರು. ಮೊದಲ ಪಂದ್ಯದಲ್ಲಿ ಐದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದರು, ಎರಡನೆಯದರಲ್ಲೂ ಸೋಲಿನ ಅಂಚಿನಿಂದ ಹಿಂದಿರುಗಿದರು. ಕ್ವಾರ್ಟರ್ ಫೈನಲಿನಲ್ಲಿ ಅಮೆರಿಕದ ಜೋಡಿಗೆ ಸೋತ ಆಗಸ್ಟ್ 1ರಂದು 37ರ ಮರ್ರೆ ಆಟ ಬಿಟ್ಟರು.